ಐಪಿ ವಿಳಾಸಕ್ಕೆ ಟವೆಲ್ ಹಾಕಿದ ಕಥೆ

ಹೋದ ಸೆಮಿಸ್ಟರ್‌ನಲ್ಲಿ ಎರಡನೇ ವರ್ಷದ ಒಂದು ಬ್ಯಾಚ್‌ನ ಲ್ಯಾಬ್ ಇಂಟರ್ನಲ್ಸ್ ಮುಕ್ಕಾಲು ಗಂಟೆ ನಿಂತುಹೋಗಿತ್ತು, ನೆನಪಿದೆಯಾ? ಅವತ್ತು ಎಲ್ಲರೂ "ಸರ್ವರ್ ಡೌನ್" ಅಂದರು. ಸರ್ವರ್ ಡೌನ್ ಆಗಿರಲಿಲ್ಲ, ಚೆನ್ನಾಗಿಯೇ ಓಡುತ್ತಿತ್ತು. ತಪ್ಪು ಮಾಡಿದ್ದು ನಾವು, ಅಂದರೆ ಆ ಮಷೀನ್ ನೋಡಿಕೊಳ್ಳುತ್ತಿದ್ದ ನಾಲ್ಕು ಜನ ಫೈನಲ್ ಇಯರ್‌ನವರು. ಆ ತಪ್ಪು ಏನು ಅಂತ ಪೂರ್ತಿ ಅರ್ಥ ಆಗೋಕೆ ನಮಗೇ ಎರಡು ದಿನ ಹಿಡಿಯಿತು. ಈ ಲೇಖನ ಬರೆಯೋಕೆ ಅದೇ ಕಾರಣ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ "ಆಟೋಮ್ಯಾಟಿಕ್" ಮತ್ತು "ಮ್ಯಾನ್ಯುಯಲ್" ಅಂತ ಎರಡು ಗುಂಡಿ ಕಾಣುತ್ತವೆ. ಅದು ರುಚಿಗೆ ತಕ್ಕ ಆಯ್ಕೆ ಅಂತ ನಾವು ಅಂದುಕೊಂಡಿದ್ದೆವು.

ನಡೆದದ್ದು ಹೀಗೆ. ವಿದ್ಯಾರ್ಥಿಗಳು ಪ್ರೋಗ್ರಾಂ ಬರೆದು ಸಲ್ಲಿಸೋಕೆ ನಾವೊಂದು ಪುಟ್ಟ ವೆಬ್ ಪೇಜ್ ಮಾಡಿದ್ದೆವು. ಲ್ಯಾಬ್‌ನ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು ಸರ್ವರ್ ಹಾಕಿ ಅದರಲ್ಲಿ ಓಡಿಸುತ್ತಿದ್ದೆವು. ಎಲ್ಲರೂ ಬ್ರೌಸರ್‌ನಲ್ಲಿ ಒಂದೇ ವಿಳಾಸ ಟೈಪ್ ಮಾಡಬೇಕು, ಅದು ದಿನಾ ಬದಲಾಗಬಾರದು. ಹಾಗಾಗಿ ಮ್ಯಾನ್ಯುಯಲ್ ಆಗಿ 192.168.10.150 ಅಂತ ಕೊಟ್ಟುಬಿಟ್ಟೆವು. ಯಾಕೆ 150? ನೆನಪಿಟ್ಟುಕೊಳ್ಳೋಕೆ ಸುಲಭ ಅಂತ. ಕೊಡುವ ಮುಂಚೆ ಆ ವಿಳಾಸಕ್ಕೆ ಪಿಂಗ್ ಮಾಡಿ ನೋಡಿದ್ದೆವು, ಯಾರೂ ಉತ್ತರ ಕೊಡಲಿಲ್ಲ. ಖಾಲಿ ಇದೆ ಅಂತ ಕೂತುಬಿಟ್ಟೆವು. ಮೂರು ವಾರ ಒಂದು ತೊಂದರೆಯೂ ಬರಲಿಲ್ಲ.

ನಾಲ್ಕನೇ ವಾರ, ಸೋಮವಾರ, ಇಂಟರ್ನಲ್ಸ್ ದಿನ, ಕೆಲವರಿಗೆ ಪೇಜ್ ತೆರೆಯಿತು, ಕೆಲವರಿಗೆ ಇಲ್ಲ. ತೆರೆದವರಿಗೂ ಹತ್ತು ನಿಮಿಷ ಆದಮೇಲೆ "ಕನೆಕ್ಷನ್ ರೆಫ್ಯೂಸ್ಡ್" ಅಂತ ಬಂತು. ಪಿಂಗ್ ಮಾಡಿದರೆ ಮಾತ್ರ ಎಲ್ಲರಿಗೂ ಉತ್ತರ ಬರುತ್ತಿತ್ತು. ನಮ್ಮಲ್ಲೊಬ್ಬ ತನ್ನ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗೋಕೆ ನೋಡಿದ. ಈ ಮಷೀನ್‌ನ ಗುರುತು ಬದಲಾಗಿದೆ ಅಂತ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಬಂತು. ನಾವೆಲ್ಲ ಮಾಡೋ ಹಾಗೆ ಅವನೂ ಅದನ್ನು ಓದದೆ, ಹಳೇ ಗುರುತನ್ನು ಅಳಿಸಿ ಮತ್ತೆ ಪ್ರಯತ್ನಿಸಿದ. ಪಾಸ್‌ವರ್ಡ್ ತಪ್ಪು ಅಂತು. ಆ ಎಚ್ಚರಿಕೆ ನಿಜವನ್ನೇ ಹೇಳುತ್ತಿತ್ತು: ಅವನು ತಟ್ಟಿದ್ದು ನಮ್ಮ ಸರ್ವರ್‌ನ ಬಾಗಿಲನ್ನಲ್ಲ, ಬೇರೆ ಯಾವುದೋ ಮಷೀನ್‌ನ ಬಾಗಿಲನ್ನು.

ಆ ಬೇರೆ ಮಷೀನ್ ಮುಂದೆ ಎರಡನೇ ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಇಂಟರ್ನೆಟ್ ಹೋಗುತ್ತಿತ್ತು, ಬರುತ್ತಿತ್ತು. "ಏನೋ ಸೆಟ್ಟಿಂಗ್ಸ್ ಮುಟ್ಟಿದೀಯ" ಅಂತ ಎಲ್ಲರೆದುರು ಬೈಸಿಕೊಂಡಳು. ಅವಳು ಏನೂ ಮುಟ್ಟಿರಲಿಲ್ಲ. ಅವಳ ಮಷೀನ್ ಆಟೋಮ್ಯಾಟಿಕ್‌ನಲ್ಲಿತ್ತು, ನಿಯಮದ ಪ್ರಕಾರ ಕೇಳಿ ವಿಳಾಸ ಪಡೆದಿತ್ತು. ಅದಕ್ಕೆ ಸಿಕ್ಕ ವಿಳಾಸ 192.168.10.150.

ಇದು ಹೇಗಾಯ್ತು ಅಂತ ತಿಳಿಯಬೇಕಾದರೆ ವಿಳಾಸ ಹಂಚುವ ಕ್ರಮ ಗೊತ್ತಿರಬೇಕು. ಮಷೀನ್ ಆನ್ ಆದಾಗ ಅದಕ್ಕೆ ತಾನು ಯಾರು ಅಂತಲೇ ಗೊತ್ತಿರಲ್ಲ. ತನ್ನ ವಿಳಾಸದ ಜಾಗದಲ್ಲಿ 0.0.0.0 ಅಂತ ಬರೆದು, 255.255.255.255ಕ್ಕೆ, ಅಂದರೆ ಆ ತಂತಿಯಲ್ಲಿರುವ ಎಲ್ಲರಿಗೂ ಕೇಳುವ ಹಾಗೆ, "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ಅಂತ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ "ಈ ವಿಳಾಸ ಇದೆ, ಬೇಕಾ?" ಅನ್ನುತ್ತದೆ. ಮಷೀನ್ "ಅದನ್ನೇ ಕೊಡಿ" ಅನ್ನುತ್ತದೆ. ಸರ್ವರ್ "ತಗೋ, ಬರೆದುಕೊಂಡೆ" ಅನ್ನುತ್ತದೆ. ನಾಲ್ಕು ಮಾತು, ಮುಗೀತು. ವೈವಾದಲ್ಲಿ "ಡೋರಾ" ಅಂತ ಬಾಯಿಪಾಠ ಹೇಳ್ತೀವಲ್ಲ, ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್‌ನಾಲೆಜ್, ಅದು ಇದೇ. ಸರ್ವರ್ ಯುಡಿಪಿ ಪೋರ್ಟ್ 67ರಲ್ಲಿ ಕಿವಿ ಇಟ್ಟುಕೊಂಡಿರುತ್ತದೆ, ಕೇಳುವ ಮಷೀನ್ 68ರಲ್ಲಿ.

ಕೊಟ್ಟ ವಿಳಾಸ ಸ್ವಂತದ್ದಲ್ಲ, ಬಾಡಿಗೆಯದು. ಬಾಡಿಗೆ ಅವಧಿ 12 ಗಂಟೆ ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ ಅರ್ಧ ಅವಧಿ ಮುಗಿದಾಗ, 6 ಗಂಟೆಗೆ, ಮಷೀನ್ ತಾನಾಗೇ ಹೋಗಿ ಮುಂದುವರಿಸಿ ಅಂತ ಕೇಳುತ್ತದೆ. ಆ ಸರ್ವರ್ ಉತ್ತರ ಕೊಡದಿದ್ದರೆ, ಅವಧಿಯ ಎಂಟರಲ್ಲಿ ಏಳು ಭಾಗ ಕಳೆದ ಮೇಲೆ, ಅಂದರೆ ಹತ್ತೂವರೆ ಗಂಟೆಗೆ, ಯಾರಾದರೂ ಸರಿ ಅಂತ ಮತ್ತೆ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಅದೂ ಆಗದಿದ್ದರೆ ಅವಧಿ ಮುಗಿದಾಗ ವಿಳಾಸ ಬಿಟ್ಟುಕೊಡಬೇಕು.

ನಮ್ಮ ಲ್ಯಾಬ್‌ನ ಡಿಎಚ್‌ಸಿಪಿ ಸರ್ವರ್ 192.168.10.100ರಿಂದ 192.168.10.200ರವರೆಗಿನ ವಿಳಾಸಗಳನ್ನು ಹಂಚುತ್ತದೆ. ಇದನ್ನು ಪೂಲ್ ಅನ್ನುತ್ತಾರೆ. ನಾವು ಆರಿಸಿಕೊಂಡ 150 ಆ ಪೂಲ್‌ನ ಸರಿಯಾಗಿ ಮಧ್ಯದಲ್ಲಿತ್ತು. ನಮಗೆ ಪೂಲ್ ಎಲ್ಲಿಂದ ಎಲ್ಲಿವರೆಗೆ ಅಂತ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಬಸ್ ಸ್ಟ್ಯಾಂಡ್‌ನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವವರನ್ನು ನೋಡಿದ್ದೀರಲ್ಲ. ನಾವು ಮಾಡಿದ್ದು ಅದನ್ನೇ. ಟವೆಲ್ ಹಾಕಿದವರಿಗೆ ಆ ಸೀಟು ತಮ್ಮದೇ. ರಿಸರ್ವೇಶನ್ ಚಾರ್ಟ್‌ನಲ್ಲಿ ಮಾತ್ರ ಅದು ಖಾಲಿ. ಚಾರ್ಟ್ ಹಿಡಿದವರು ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರ ತಪ್ಪೇನಿದೆ?

ಹಾಗಾದರೆ ಮೂರು ವಾರ ಯಾಕೆ ತೊಂದರೆ ಆಗಲಿಲ್ಲ? ಇದು ನಮ್ಮನ್ನು ಬಹಳ ಕಾಡಿದ ಪ್ರಶ್ನೆ. ಉತ್ತರ ಸಿಕ್ಕಾಗ ಸ್ವಲ್ಪ ನಾಚಿಕೆಯೂ ಆಯಿತು. ಡಿಎನ್ಎಸ್‌ಮಾಸ್ಕ್‌ನಂಥ ಡಿಎಚ್‌ಸಿಪಿ ಸರ್ವರ್‌ಗಳು ಹೊಸಬರಿಗೆ ಒಂದು ವಿಳಾಸ ಕೊಡುವ ಮುಂಚೆ ಅದಕ್ಕೊಮ್ಮೆ ಪಿಂಗ್ ಮಾಡಿ ನೋಡುತ್ತವೆ. ಉತ್ತರ ಬಂದರೆ, ಯಾರೋ ಕೂತಿದ್ದಾರೆ ಅಂತ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತವೆ. ನಮ್ಮ ಮಷೀನ್ ಹಗಲೂ ರಾತ್ರಿ ಆನ್ ಇರುತ್ತಿತ್ತು. ಅಂದರೆ ಅಷ್ಟು ದಿನ ನಮ್ಮನ್ನು ಕಾಪಾಡಿದ್ದು ಡಿಎಚ್‌ಸಿಪಿ ಸರ್ವರ್‌ನ ಸೌಜನ್ಯವೇ ಹೊರತು ನಮ್ಮ ಜಾಣತನವಲ್ಲ. ಆ ಭಾನುವಾರ ಬಹಳ ಹೊತ್ತು ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಖಾಲಿಯಾಗಿ ನಮ್ಮ ಮಷೀನ್ ಆಫ್ ಆಯಿತು. ಸೋಮವಾರ ಬೆಳಿಗ್ಗೆ 9 ಗಂಟೆಗೆ ಲ್ಯಾಬ್ ತೆರೆದು ಎಲ್ಲ ಮಷೀನ್ ಆನ್ ಮಾಡಿದರು. ಅವುಗಳಲ್ಲಿ ಕೆಲವು ಹಿಂದಿನ ವಾರವಷ್ಟೇ ಬಂದ ಹೊಸವು, ಅವುಗಳ ಹೆಸರಿನಲ್ಲಿ ಯಾವ ವಿಳಾಸವೂ ಇರಲಿಲ್ಲ. ಡಿಎಚ್‌ಸಿಪಿ ಸರ್ವರ್ 150ಕ್ಕೆ ಪಿಂಗ್ ಮಾಡಿತು, ಉತ್ತರ ಇಲ್ಲ, ಕೊಟ್ಟಿತು. 9:40ಕ್ಕೆ ನಾವು ಬಂದು ನಮ್ಮ ಮಷೀನ್ ಆನ್ ಮಾಡಿದೆವು. ಮ್ಯಾನ್ಯುಯಲ್ ಅಲ್ವಾ, ಅದು ಯಾರನ್ನೂ ಕೇಳಲಿಲ್ಲ, ನೇರವಾಗಿ 150ರ ಮೇಲೆ ಹೋಗಿ ಕೂತಿತು.

ಒಂದೇ ವಿಳಾಸಕ್ಕೆ ಇಬ್ಬರು. ಲ್ಯಾಬ್‌ನ ಯಾವುದೇ ಮಷೀನ್ ಎಆರ್‌ಪಿ ಮೂಲಕ "150 ಯಾರು, ನಿಮ್ಮ ಮ್ಯಾಕ್ ವಿಳಾಸ ಹೇಳಿ" ಅಂತ ಕೇಳಿದರೆ ಇಬ್ಬರೂ "ನಾನು" ಅನ್ನುತ್ತಿದ್ದರು. ಕೇಳಿದ ಮಷೀನ್‌ನ ನೆನಪಿನಲ್ಲಿ ಯಾರ ಉತ್ತರ ಉಳಿಯಿತೋ ಅವರ ಕಡೆಗೆ ಅದರ ಪ್ಯಾಕೆಟ್‌ಗಳು ಹೋಗುತ್ತಿದ್ದವು. ಆ ನೆನಪು ಸ್ವಲ್ಪ ಹೊತ್ತಿನದು, ಆಮೇಲೆ ಮತ್ತೆ ಕೇಳುತ್ತದೆ, ಉತ್ತರ ಬದಲಾಗಬಹುದು. ಅದಕ್ಕೇ ಕೆಲವರಿಗೆ ಪೇಜ್ ಬಂತು, ಕೆಲವರಿಗೆ ಬರಲಿಲ್ಲ, ಬಂದವರಿಗೂ ಆಮೇಲೆ ಹೋಯಿತು. ಅದಕ್ಕೇ ಪಿಂಗ್‌ಗೆ ಮಾತ್ರ ಎಲ್ಲರಿಗೂ ಉತ್ತರ: ಪಿಂಗ್‌ಗೆ ಇಬ್ಬರೂ ಉತ್ತರ ಕೊಡಬಲ್ಲರು, ವೆಬ್ ಪೇಜ್ ಇದ್ದದ್ದು ಮಾತ್ರ ನಮ್ಮಲ್ಲಿ. ಕೊನೆಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಬೇರೊಂದು ಮಷೀನ್‌ನಿಂದ ಆರ್ಪಿಂಗ್ ಓಡಿಸಿದರು. ಒಂದು ಪ್ರಶ್ನೆಗೆ ಎರಡು ಬೇರೆ ಬೇರೆ ಮ್ಯಾಕ್ ವಿಳಾಸಗಳಿಂದ ಉತ್ತರ ಬಂತು. ನಮ್ಮ ಮುಖ ನೋಡಿದರು. ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಇಲ್ಲಿವರೆಗೆ ಓದಿ "ಸರಿ, ಮ್ಯಾನ್ಯುಯಲ್ ಅಂದರೆ ಅಪಾಯ, ಎಲ್ಲವನ್ನೂ ಆಟೋಮ್ಯಾಟಿಕ್‌ನಲ್ಲಿ ಇಡೋಣ" ಅಂತ ಅನಿಸಬಹುದು. ಹಾಸ್ಟೆಲ್‌ನಲ್ಲಿರುವವರನ್ನು ಕೇಳಿ ನೋಡಿ. ಎರಡು ವರ್ಷದ ಹಿಂದೆ ಒಂದು ಸಂಜೆ ಹಾಸ್ಟೆಲ್‌ನ ಒಂದು ಇಡೀ ಮಹಡಿಗೆ ನೆಟ್ ಹೋಯಿತು. ಎಲ್ಲರ ಲ್ಯಾಪ್‌ಟಾಪ್‌ನಲ್ಲೂ "ಕನೆಕ್ಟೆಡ್" ಅಂತಲೇ ಇದೆ, ವಿಳಾಸವೂ ಇದೆ, ಇಂಟರ್ನೆಟ್ ಮಾತ್ರ ಇಲ್ಲ. ಯಾರೋ ಮನೆಯಿಂದ ವೈಫೈ ರೂಟರ್ ತಂದು, ಗೋಡೆಯ ಕೇಬಲ್ ಅನ್ನು ಅದರ ವ್ಯಾನ್ ಪೋರ್ಟ್‌ಗೆ ಹಾಕುವ ಬದಲು ಲ್ಯಾನ್ ಪೋರ್ಟ್‌ಗೆ ಚುಚ್ಚಿದ್ದರು. ಆ ರೂಟರ್‌ನಲ್ಲೂ ಒಂದು ಡಿಎಚ್‌ಸಿಪಿ ಸರ್ವರ್ ಇರುತ್ತದೆ. ಅದು ಇಡೀ ಮಹಡಿಗೆ 192.168.0ರ ವಿಳಾಸ ಹಂಚೋಕೆ ಶುರು ಮಾಡಿತು, ಗೇಟ್‌ವೇ ನಾನೇ ಅಂತ ಹೇಳುತ್ತಾ. "ವಿಳಾಸ ಕೊಡುವವರು ಇದ್ದೀರಾ" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದರೆ ಯಾರು ಬೇಕಾದರೂ ಉತ್ತರ ಕೊಡಬಹುದಲ್ಲ! ಸಾಮಾನ್ಯವಾಗಿ ಮೊದಲು ಬಂದ ಆಫರ್ ಅನ್ನೇ ಮಷೀನ್ ಒಪ್ಪಿಕೊಳ್ಳುತ್ತದೆ. ಡಿಎಚ್‌ಸಿಪಿಯಲ್ಲಿ ನಂಬಿಕೆ ಜಾಸ್ತಿ, ವಿಚಾರಣೆ ಕಡಿಮೆ. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಸ್ವಿಚ್‌ನಲ್ಲೇ ಡಿಎಚ್‌ಸಿಪಿ ಸ್ನೂಪಿಂಗ್ ಅಂತ ಒಂದು ಕಾವಲು ಹಾಕುತ್ತಾರೆ: ಇಂಥ ಪೋರ್ಟ್‌ನಿಂದ ಬಂದ ಆಫರ್ ಮಾತ್ರ ಒಳಗೆ ಬಿಡು, ಉಳಿದದ್ದನ್ನು ಎಸೆ ಅಂತ.

ಆಟೋಮ್ಯಾಟಿಕ್‌ನ ಇನ್ನೊಂದು ಎಡವಟ್ಟು ಲಿನಕ್ಸ್‌ಗೇ ವಿಶೇಷವಾದದ್ದು, ವರ್ಚುವಲ್ ಮಷೀನ್ ಬಳಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಒಂದು ಉಬುಂಟು ಸರ್ವರ್ ಇನ್‌ಸ್ಟಾಲ್ ಮಾಡಿ, ಅದನ್ನೇ ಕ್ಲೋನ್ ಮಾಡಿ ಐದು ಮಾಡಿಕೊಳ್ಳುತ್ತೀರಿ. ಐದಕ್ಕೂ ಮ್ಯಾಕ್ ವಿಳಾಸ ಬೇರೆ ಬೇರೆ, ಆದರೂ ಡಿಎಚ್‌ಸಿಪಿಯಿಂದ ಒಂದೇ ಐಪಿ ಬರುತ್ತದೆ! ಕಾರಣ, ಅದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ತನ್ನ ಗುರುತಾಗಿ ಮ್ಯಾಕ್ ವಿಳಾಸ ಹೇಳಲ್ಲ. ಇಟಿಸಿ ಫೋಲ್ಡರ್‌ನಲ್ಲಿರುವ ಮಷೀನ್ ಐಡಿ ಅನ್ನೋ ಫೈಲಿನಿಂದ ಹುಟ್ಟಿಸಿದ ಒಂದು ಗುರುತು ಹೇಳುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ಕ್ಲೋನ್ ಆಗಿರುತ್ತದೆ. ಡಿಎಚ್‌ಸಿಪಿ ಸರ್ವರ್ ಪಾಲಿಗೆ ಐದೂ ಒಂದೇ ಮಷೀನ್. ಕ್ಲೋನ್ ಮಾಡುವ ಮುಂಚೆ ಆ ಫೈಲನ್ನು ಖಾಲಿ ಮಾಡಿಬಿಟ್ಟರೆ ಪ್ರತಿಯೊಂದೂ ಬೂಟ್ ಆಗುವಾಗ ತನ್ನದೇ ಹೊಸದನ್ನು ಮಾಡಿಕೊಳ್ಳುತ್ತದೆ. ಫೈಲನ್ನು ಅಳಿಸಬೇಡಿ, ಖಾಲಿ ಮಾಡಿ.

ಇನ್ನು ಮ್ಯಾನ್ಯುಯಲ್. ಅದರಲ್ಲಿ ತುಂಬಬೇಕಾದ್ದು ನಾಲ್ಕೇ ವಿಷಯ: ವಿಳಾಸ, ಮಾಸ್ಕ್, ಗೇಟ್‌ವೇ, ಡಿಎನ್ಎಸ್. ಮಾಸ್ಕ್ ತಪ್ಪಿದರೆ ಪಕ್ಕದ ಮಷೀನೇ ದೂರದ್ದು ಅಂತ ತಿಳಿಯುತ್ತದೆ, ಅಥವಾ ದೂರದ್ದು ಪಕ್ಕದಲ್ಲಿದೆ ಅಂತ ಸುಮ್ಮನೆ ಕೂಗುತ್ತದೆ. ಗೇಟ್‌ವೇ ತಪ್ಪಿದರೆ ಲ್ಯಾಬ್ ಒಳಗೆ ಎಲ್ಲ ಸರಿ, ಹೊರಗೆ ಏನೂ ಇಲ್ಲ. ಡಿಎನ್ಎಸ್ ತಪ್ಪಿದರೆ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಹಾಕಿ ತೆರೆದರೆ ಯಾವ ಸೈಟೂ ಬರಲ್ಲ. ಈ ಮೂರು ಲಕ್ಷಣ ನೆನಪಿಟ್ಟುಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ.

ನಿಜವಾದ ಗೋಜಲು ಬೇರೆ ಇದೆ. ಈ ನಾಲ್ಕು ವಿಷಯವನ್ನು ಎಲ್ಲಿ ಬರೆಯಬೇಕು ಅನ್ನೋದಕ್ಕೆ ಲಿನಕ್ಸ್‌ನಲ್ಲಿ ಒಂದೇ ಉತ್ತರ ಇಲ್ಲ. ಡೆಬಿಯನ್‌ನ ಹಳೇ ಪದ್ಧತಿಯಲ್ಲಿ ಇಂಟರ್‌ಫೇಸಸ್ ಅನ್ನೋ ಒಂದು ಫೈಲು. ಫೆಡೋರಾದಲ್ಲಿ ನೆಟ್‌ವರ್ಕ್‌ಮ್ಯಾನೇಜರ್. ಉಬುಂಟುವಿನಲ್ಲಿ 2017ರ 17.10 ಆವೃತ್ತಿಯಿಂದ ನೆಟ್‌ಪ್ಲಾನ್, ಅದೂ ತಾನೇ ಕೆಲಸ ಮಾಡಲ್ಲ, ಡೆಸ್ಕ್‌ಟಾಪ್ ಆದರೆ ನೆಟ್‌ವರ್ಕ್‌ಮ್ಯಾನೇಜರ್‌ಗೆ, ಸರ್ವರ್ ಆದರೆ ನೆಟ್‌ವರ್ಕ್‌ಡಿಗೆ ಹೇಳಿ ಮಾಡಿಸುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗೋದು ಹತ್ತು ವರ್ಷ ಹಳೆಯ ಉತ್ತರ. ಅದನ್ನು ನಂಬಿ ಇಂಟರ್‌ಫೇಸಸ್ ಫೈಲಿನಲ್ಲಿ ಬರೆದು, ಇನ್ನೊಂದನ್ನು ನಂಬಿ ನೆಟ್‌ಪ್ಲಾನ್‌ನಲ್ಲಿ ಬರೆದು, ಕೊನೆಗೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲೂ ಒತ್ತಿ ಕೂರುತ್ತೇವೆ. ಆಮೇಲೆ ಆ ಮಷೀನ್‌ಗೆ ಮನೆಗೆ ಮೂವರು ಯಜಮಾನರಿದ್ದ ಗತಿ. ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ಎನ್‌ಎಂಸಿಎಲ್‌ಐ ಡಿವೈಸ್ ಅಂತ ಕೊಟ್ಟು ನೋಡಿ. ನಿಮ್ಮ ಕಾರ್ಡ್ ಮುಂದೆ "ಅನ್‌ಮ್ಯಾನೇಜ್ಡ್" ಅಂತ ಇದ್ದರೆ, ಅದು ನೆಟ್‌ವರ್ಕ್‌ಮ್ಯಾನೇಜರ್ ಕೈಯಲ್ಲಿ ಇಲ್ಲ, ಬೇರೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ.

ಟರ್ಮಿನಲ್‌ನಲ್ಲಿ ಐಪಿ ಕಮ್ಯಾಂಡ್ ಬಳಸಿ ವಿಳಾಸ ಸೇರಿಸಿದರೆ ತಕ್ಷಣ ಕೆಲಸ ಮಾಡುತ್ತದೆ, ರೀಬೂಟ್ ಆದರೆ ಹೋಗುತ್ತದೆ. ಅದು ಕರ್ನಲ್‌ಗೆ ಬಾಯಿಮಾತಲ್ಲಿ ಹೇಳಿದ ಹಾಗೆ, ಎಲ್ಲೂ ಬರೆದಿಟ್ಟದ್ದಲ್ಲ. ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಡಿಎನ್ಎಸ್ ಬರೆದು ಸೇವ್ ಮಾಡಿದ್ದು ನಾಳೆ ಮಾಯವಾಗುವುದೂ ಇಂಥದ್ದೇ ಕಾರಣಕ್ಕೆ. ಇವತ್ತಿನ ಬಹಳಷ್ಟು ಮಷೀನ್‌ಗಳಲ್ಲಿ ಆ ಫೈಲನ್ನು ಬೇರೊಂದು ಪ್ರೋಗ್ರಾಂ ಬರೆಯುತ್ತದೆ. ಒಳಗೆ 127.0.0.53 ಅಂತ ಕಂಡರೆ ಅದು ಸಿಸ್ಟಮ್‌ಡಿ ರಿಸಾಲ್ವ್‌ಡಿಯ ಕೈಬರಹ, ನೀವು ಅಲ್ಲಿ ಬರೆಯಬೇಡಿ.

ನೆಟ್‌ಪ್ಲಾನ್ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಅದರ ಯಾಮಲ್ ಫೈಲಿನಲ್ಲಿ ಟ್ಯಾಬ್ ಹಾಕಿದರೆ ಒಪ್ಪಲ್ಲ, ಸ್ಪೇಸ್ ಲೆಕ್ಕ ತಪ್ಪಿದರೆ ಸಿಟ್ಟು ಮಾಡಿಕೊಳ್ಳುತ್ತದೆ, ಅದೆಲ್ಲ ನಿಜ. ಆದರೆ ನೆಟ್‌ಪ್ಲಾನ್ ಟ್ರೈ ಅಂತ ಒಂದು ಕಮ್ಯಾಂಡ್ ಇದೆ. ಹೊಸ ಸೆಟ್ಟಿಂಗ್ ಹಾಕಿ, ಎಂಟರ್ ಒತ್ತಿ ಒಪ್ಪಿಗೆ ಕೊಡಿ ಅಂತ ಕಾಯುತ್ತದೆ. 120 ಸೆಕೆಂಡ್‌ನಲ್ಲಿ ಒತ್ತದಿದ್ದರೆ ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಅದರದ್ದೇ ಐಪಿ ಬದಲಿಸುವುದು ಕೂತ ಕೊಂಬೆಯನ್ನೇ ಕಡಿದ ಹಾಗೆ. ಟ್ರೈ ಇದ್ದರೆ ಬಿದ್ದರೂ ಎರಡು ನಿಮಿಷದಲ್ಲಿ ಮತ್ತೆ ಮರದ ಮೇಲೆ. ನೇರವಾಗಿ ಅಪ್ಲೈ ಒತ್ತಿ, ಬೀಗ ಹಾಕಿದ ಲ್ಯಾಬ್ ಮುಂದೆ ಅಟೆಂಡರ್ ಅಣ್ಣನ ದಾರಿ ಕಾಯುತ್ತಾ ನಿಂತ ಅನುಭವವೂ ನಮಗಿದೆ, ಅದನ್ನು ಇಲ್ಲಿ ಬೆಳೆಸುವುದು ಬೇಡ.

ಮತ್ತೆ 150ಕ್ಕೆ ಬರೋಣ. ನಮಗೆ ಬೇಕಿದ್ದದ್ದು ಬದಲಾಗದ ವಿಳಾಸ. ಬದಲಾಗದ ವಿಳಾಸ ಅಂದರೆ ಮ್ಯಾನ್ಯುಯಲ್ ಅಂತ ನಾವು ಅಂದುಕೊಂಡದ್ದೇ ಮೂಲ ತಪ್ಪು. 1985ರಲ್ಲಿ ಬಂದ ಬೂಟ್‌ಪಿ ಅನ್ನೋ ಹಳೇ ಪದ್ಧತಿಯಲ್ಲಿ ಯಾವ ಮಷೀನ್‌ಗೆ ಯಾವ ವಿಳಾಸ ಅಂತ ಸರ್ವರ್‌ನಲ್ಲಿ ಕೈಯಾರೆ ಪಟ್ಟಿ ಬರೆದಿಡುತ್ತಿದ್ದರು. ಅದರ ಮೇಲೆ ಕಟ್ಟಿದ್ದೇ ಡಿಎಚ್‌ಸಿಪಿ, 1993ರಲ್ಲಿ ಮೊದಲು ಬಂತು. ರಾಲ್ಫ್ ಡ್ರೋಮ್ಸ್ ಬರೆದ 1997ರ ಆರ್‌ಎಫ್‌ಸಿ 2131 ಇವತ್ತಿಗೂ ಅದರ ಆಧಾರ. ಅದರ ಮೊದಲ ಪುಟಗಳಲ್ಲೇ ವಿಳಾಸ ಹಂಚುವ ಮೂರು ವಿಧಾನ ಹೇಳಿದ್ದಾರೆ: ಆಟೋಮ್ಯಾಟಿಕ್, ಡೈನಾಮಿಕ್, ಮತ್ತು ಮ್ಯಾನ್ಯುಯಲ್! ಇಲ್ಲಿ ಮ್ಯಾನ್ಯುಯಲ್ ಅಂದರೆ, ನೆಟ್‌ವರ್ಕ್ ನೋಡಿಕೊಳ್ಳುವವರು ಇಂಥ ಮಷೀನ್‌ಗೆ ಇಂಥ ವಿಳಾಸ ಅಂತ ಆರಿಸುತ್ತಾರೆ, ಅದನ್ನು ತಲುಪಿಸುವ ಕೆಲಸ ಮಾತ್ರ ಡಿಎಚ್‌ಸಿಪಿಯದು. ಈಗ ಇದನ್ನು ಎಲ್ಲರೂ ರಿಸರ್ವೇಶನ್ ಅನ್ನುತ್ತಾರೆ. ಮಷೀನ್‌ನಲ್ಲಿ "ಆಟೋಮ್ಯಾಟಿಕ್" ಅಂತಲೇ ಬಿಡಿ, ಸರ್ವರ್‌ನ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸದ ಮುಂದೆ ಐಪಿ ಬರೆಸಿ. ಟವೆಲ್ ಬೇಕಿಲ್ಲ, ಚಾರ್ಟ್‌ನಲ್ಲೇ ಹೆಸರಿದೆ. ನಾಳೆ ಗೇಟ್‌ವೇ ಬದಲಾದರೂ, ಡಿಎನ್ಎಸ್ ಬದಲಾದರೂ ಆ ಮಷೀನ್‌ಗೆ ತಾನಾಗೇ ಗೊತ್ತಾಗುತ್ತದೆ.

ಹಾಗಾದರೆ ಪೂರ್ತಿ ಕೈಯಾರೆ ಕೊಡಬೇಕಾದ್ದು ಯಾವುದಕ್ಕೆ? ನಮ್ಮ ಅಭಿಪ್ರಾಯದಲ್ಲಿ ಬಹಳ ಕಡಿಮೆಯವಕ್ಕೆ. ಡಿಎಚ್‌ಸಿಪಿ ಸರ್ವರ್‌ಗಂತೂ ಬೇಕೇ ಬೇಕು, ವಿಳಾಸ ಕೊಡುವವನೇ ಯಾರನ್ನು ಕೇಳುತ್ತಾನೆ? ರೂಟರ್‌ಗೆ, ಡಿಎನ್ಎಸ್ ಸರ್ವರ್‌ಗೆ, ಸ್ವಿಚ್‌ಗಳಿಗೆ ಬೇಕು. ಡಿಎಚ್‌ಸಿಪಿ ಕೆಟ್ಟು ಕೂತಾಗ ಅದನ್ನು ಸರಿಮಾಡೋಕೆ ಈ ಮಷೀನ್‌ಗಳ ಹತ್ತಿರವೇ ಹೋಗಬೇಕಲ್ಲ. ಅವೆಲ್ಲ ಪೂಲ್‌ನ ಹೊರಗೆ ಇರಬೇಕು. ರಾಸ್ಪ್‌ಬೆರಿ ಪೈ ಒಂದನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಪ್ರಾಜೆಕ್ಟ್ ಮಾಡುವವರೂ ಕೈಯಾರೆ ಕೊಟ್ಟುಕೊಳ್ಳಿ, ಅಲ್ಲಿ ಇರುವುದೇ ಇಬ್ಬರು, ಜಗಳ ಬರಲ್ಲ. ಉಳಿದ ಪ್ರಿಂಟರ್, ಪ್ರಾಜೆಕ್ಟ್ ಸರ್ವರ್, ಕ್ಯಾಮೆರಾ ಎಲ್ಲಕ್ಕೂ ರಿಸರ್ವೇಶನ್ ಸಾಕು. ಒಂದೇ ಎಚ್ಚರ: ಮ್ಯಾಕ್ ವಿಳಾಸ ಬದಲಾದರೆ ರಿಸರ್ವೇಶನ್ ಬಿದ್ದುಹೋಗುತ್ತದೆ. ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದಾಗ, ಇಲ್ಲವೇ ವೈಫೈಯಲ್ಲಿ ಮ್ಯಾಕ್ ವಿಳಾಸವನ್ನು ಬೇಕೆಂದೇ ಬದಲಿಸುವ ಸೆಟ್ಟಿಂಗ್ ಆನ್ ಇದ್ದಾಗ ಇದು ಆಗುತ್ತದೆ.

ಆ ಸೋಮವಾರ ಮಧ್ಯಾಹ್ನ ನಾವು ನಾಲ್ವರೂ ಹೋಗಿ ಆ ಜೂನಿಯರ್ ಹತ್ತಿರ ಕ್ಷಮೆ ಕೇಳಿದೆವು, ಬೈದವರಿಗೂ ಕಾರಣ ವಿವರಿಸಿದೆವು. ಬ್ಯಾಚ್‌ಗೆ ಕಳೆದುಹೋದ ಸಮಯ ವಾಪಸ್ ಸಿಕ್ಕಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಯಾವ ನಂಬರ್ ಯಾರದ್ದು ಅಂತ ಎಲ್ಲಾದರೂ ಬರೆದಿಟ್ಟಿದ್ದೀರಾ?" ಬರೆದಿಟ್ಟಿರಲಿಲ್ಲ. ನಮಗಿಂತ ಮುಂಚಿನ ಬ್ಯಾಚಿನವರೂ ಬರೆದಿಟ್ಟಿರಲಿಲ್ಲ.

ಈಗ ಬರೆದಿದ್ದೇವೆ. ಲ್ಯಾಬ್ ಇನ್‌ಸ್ಟ್ರಕ್ಟರ್ ಜೊತೆ ಕೂತು 192.168.10.2ರಿಂದ 49ರವರೆಗೆ ಕೈಯಾರೆ ಕೊಡುವವಕ್ಕೆ, 50ರಿಂದ 99ರವರೆಗೆ ರಿಸರ್ವೇಶನ್‌ಗೆ, 100ರಿಂದ ಪೂಲ್ ಅಂತ ಹಂಚಿ, ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ ಸ್ವಿಚ್ ರ‍್ಯಾಕ್‌ನ ಬಾಗಿಲಿಗೆ ಅಂಟಿಸಿದ್ದೇವೆ. ನಮ್ಮ ಸರ್ವರ್ ಈಗ 60, ಸರ್ವರ್ ಒಳಗೆ ಆಟೋಮ್ಯಾಟಿಕ್. ಪಟ್ಟಿ ಮಾಡುವಾಗ 2ರಿಂದ 49ರವರೆಗೆ ಒಂದೊಂದನ್ನೂ ಆರ್ಪಿಂಗ್ ಮಾಡಿ ನೋಡಿದೆವು. ಹನ್ನೊಂದು ಉತ್ತರ ಬಂದವು, ಹತ್ತಕ್ಕೆ ಯಜಮಾನರು ಸಿಕ್ಕರು. 192.168.10.37ರಲ್ಲಿ ಏನೋ ಒಂದು ಲಿನಕ್ಸ್ ಮಷೀನ್ ಓಡುತ್ತಿದೆ, ಎಸ್‌ಎಸ್‌ಎಚ್ ತೆರೆದಿದೆ, ಎಲ್ಲಿದೆ ಅಂತ ಮೂರು ಮಹಡಿ ಹುಡುಕಿದರೂ ಸಿಕ್ಕಿಲ್ಲ. ಯಾರದ್ದಾದರೂ ಆಗಿದ್ದರೆ ಬಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪೆನ್ ಅಲ್ಲೇ ಕಟ್ಟಿದ್ದೇವೆ.